ಅಗ್ಗದ ವಾಲ್ವ್ ಆಂಪ್ಲಿಫೈಯರ್: ಕೊಳ್ಳಬಹುದೇ?

ಚೀನಾದಿಂದ ಬರುವ ಅಗ್ಗದ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಅಂಗೈಯಗಲದ ಪೆಟ್ಟಿಗೆ. ಮೇಲೆ 6ಜೆ1ರಂಥ ಎರಡು ಪುಟ್ಟ ವಾಲ್ವ್‌ಗಳಿದ್ದರೂ ಸ್ಪೀಕರನ್ನು ನಡೆಸುವುದು ಒಳಗಿನ ಚಿಪ್. ಕಣ್ಸೆಳೆಯುವ ಕೆಂಪು ಬೆಳಕು ಎಷ್ಟೋ ಸಲ ವಾಲ್ವಿನ ಬುಡದಲ್ಲಿಟ್ಟ ಎಲ್‌ಇಡಿಯದು. ಎರಡನೆಯದರಲ್ಲಿ ಕೊನೆಯ ಹಂತವೂ ವಾಲ್ವಿನದೇ. 6ಪಿ1 ಅಥವಾ ಇಎಲ್84 ವಾಲ್ವ್‌ಗಳ ಹಿಂದೆ ಒಂದು ಪವರ್ ಟ್ರಾನ್ಸ್‌ಫಾರ್ಮರ್, ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತವೆ. ವಾಲ್ವ್ ಆಂಪ್ಲಿಫೈಯರ್ ಎಂಬ ಹೆಸರು ಸಲ್ಲುವುದು ಇದಕ್ಕೆ ಮಾತ್ರ.

ಇದರ ಗುಣ ನಿಂತಿರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ. ವಾಲ್ವ್ ಕೊಡುವುದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. 4 ಅಥವಾ 8 ಓಮ್‌ನ ಸ್ಪೀಕರ್ ಕೇಳುವುದು ಇದಕ್ಕೆ ತದ್ವಿರುದ್ಧ. ಇವೆರಡನ್ನೂ ಹೊಂದಿಸುವುದು ಟ್ರಾನ್ಸ್‌ಫಾರ್ಮರಿನ ಕೆಲಸ. ಕಬ್ಬಿಣದ ತಿರುಳು ಚಿಕ್ಕದಾದರೆ ತಗ್ಗಿನ ನಾದ ಬಡವಾಗುತ್ತದೆ. ತಂತಿಯ ಸುತ್ತನ್ನು ಪದರಪದರವಾಗಿ ಹೆಣೆಯದಿದ್ದರೆ ಮೇಲಿನ ನಾದ ಮಂಕಾಗುತ್ತದೆ. ಬೆಲೆ ಇಳಿಸಬೇಕಾದ ತಯಾರಕ ಕೈ ಬಿಗಿ ಹಿಡಿಯುವುದು ಇಲ್ಲೇ. ಹೀಗಾಗಿ ಒಂದೇ ವಾಟೇಜು ಹೇಳುವ ಎರಡು ಯಂತ್ರಗಳಲ್ಲಿ ಹೆಚ್ಚು ತೂಗುವುದು ಸಾಮಾನ್ಯವಾಗಿ ಮೇಲು.

ವಾಟಿನ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಒಂದೇ ಇಎಲ್84 ವಾಲ್ವಿನಿಂದ 5.7 ವಾಟ್ ಬರುತ್ತದೆಂದು ಅದರ ಮೂಲ ವಿವರಪಟ್ಟಿ ಹೇಳುವುದು ಶೇ 10ರಷ್ಟು ವಿಕೃತಿಯನ್ನು (ಡಿಸ್ಟಾರ್ಶನ್) ಒಪ್ಪಿಕೊಂಡು. ಶುದ್ಧ ನಾದಕ್ಕೆ ಸುಮಾರು 3 ವಾಟ್ ಎಂದುಕೊಳ್ಳುವುದು ಕ್ಷೇಮ.

ಕೆಲವೇ ವಾಟಿನ ವಾಲ್ವ್ ಈ ಸೀಮೆಗೆ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಆ ಕಾಲದ ರೇಡಿಯೊ, ಮೈಕ್‌ಸೆಟ್, ಟೆಂಟ್ ಸಿನಿಮಾಗಳೆಲ್ಲ ನಡೆದದ್ದು ವಾಲ್ವ್‌ಗಳ ಮೇಲೆ. ಕೆಲವೇ ವಾಟುಗಳಲ್ಲಿ ಊರಿಗೆಲ್ಲ ಕೇಳಿಸಿದ್ದಕ್ಕೆ ಹಾರ್ನ್ ಸ್ಪೀಕರ್ ಕಾರಣ. ಈಗಿನ ಶೆಲ್ಫಿನ ಸ್ಪೀಕರ್‌ಗಳು ಹಾಗಲ್ಲ. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೊಡುವ ಸ್ಪೀಕರ್, 3 ವಾಟಿಗೆ 90ನ್ನೂ ಮುಟ್ಟದು. 95 ಡೆಸಿಬೆಲ್‌ನದು ಅಷ್ಟೇ ವಾಟಿಗೆ ಹತ್ತಿರಹತ್ತಿರ 100 ಕೊಡುತ್ತದೆ. ಆ ಮಟ್ಟಕ್ಕೆ ಮೊದಲಿನ ಸ್ಪೀಕರಿಗೆ 30 ವಾಟ್ ಬೇಕು.

ಏನನ್ನು ಕೇಳುತ್ತಾರೆ ಎಂಬುದೂ ಮುಖ್ಯ. ಇಂಥ ವಾಲ್ವಿನ ವಿಕೃತಿಯಲ್ಲಿ ಎದ್ದು ಕಾಣುವುದು ಎರಡನೆಯ ಸಂವಾದಿ (ಹಾರ್ಮೋನಿಕ್). ಅದು ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ ಸರಿಯಾಗಿ ಕೂರುವುದರಿಂದ ಕಿವಿಗೆ ಚುಚ್ಚದೆ, ಸ್ವರ ತುಂಬಿಕೊಂಡಂತೆ ಕೇಳುತ್ತದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಕೇಳಸಿಗುವಂಥ ತಂಬೂರಿ ಪದ, ಸೋಬಾನೆ ಹಾಡುಗಳಿಗೆ ಇದು ಒಗ್ಗುತ್ತದೆ. ಪೂಜಾ ಕುಣಿತದ ತಮಟೆಗೆ ಒಗ್ಗದು. ಏಟು ಬಿದ್ದ ಕ್ಷಣಕ್ಕೆ ಬೇಕಾದ ಶಕ್ತಿ 3 ವಾಟಿನಲ್ಲಿ ಇರುವುದಿಲ್ಲ. ಏಟಿನ ಮೊನೆಯೇ ಮುರಿದುಹೋಗುತ್ತದೆ.

ಇನ್ನು ಕರೆಂಟಿನ ವಿಚಾರ. ಚೀನಾದಿಂದ ಬರುವ ಟ್ರಾನ್ಸ್‌ಫಾರ್ಮರ್‌ಗಳು ಹೆಚ್ಚಾಗಿ 220 ವೋಲ್ಟಿನವು. ಇಲ್ಲಿನ ಮನೆಗಳಿಗೆ ಬರುವುದು 230. ಲೋಡು ತಗ್ಗಿದಾಗ ಅದು 240 ದಾಟಿದರೆ ವಾಲ್ವಿನ ಫಿಲಮೆಂಟಿಗೆ 6.3ರ ಬದಲು 6.9 ವೋಲ್ಟ್ ಸೇರುತ್ತದೆ. ಅದು ಸಹಿಸಬಹುದಾದ ಶೇ 10ರ ಅಂಚು. ಅದನ್ನು ಮೀರಿದಷ್ಟೂ ಆಯಸ್ಸು ಕಡಿಮೆ. ಕನಕಪುರ, ಮಾಗಡಿ ಹಳ್ಳಿಗಳಲ್ಲಿ ವೋಲ್ಟೇಜು ಹೆಚ್ಚು ಏರಿಳಿಯುವ ಲೈನಿನ ಕೊನೆಯ ಮನೆಗಳವರು ಸ್ಟೆಬಿಲೈಜರ್ ಇಡುವುದು ಒಳಿತು. ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ಈ ಯಂತ್ರವನ್ನು ನಡೆಸಬಾರದು.

ಒಳಗೆ 250 ವೋಲ್ಟಿಗೂ ಮೇಲ್ಪಟ್ಟ ಡಿಸಿ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಆದ್ದರಿಂದ ಮೂರು ಪಿನ್ನಿನ ಪ್ಲಗ್, ಚಾಸಿಗೆ ಸೇರಿದ ಅರ್ತ್, ವಾಲ್ವ್‌ಗಳ ಮೇಲೆ ಜಾಲರಿ ಇಲ್ಲದ್ದನ್ನು ಕೊಳ್ಳಬಾರದು. ಸ್ಪೀಕರ್ ಜೋಡಿಸದೆ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ. ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ನುರಿತ ರಿವೈಂಡಿಂಗ್ ಕೈಗೆ ದುರಸ್ತಿ ಸಾಧ್ಯ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಹೆಣಿಗೆ ಬೇರೆಯೇ ಕಸುಬು. ಇಎಲ್84, ಇಸಿಸಿ83 ವಾಲ್ವ್‌ಗಳು ರಷ್ಯಾ, ಸ್ಲೊವಾಕಿಯಾಗಳಲ್ಲಿ ಇಂದಿಗೂ ತಯಾರಾಗುತ್ತಿವೆ. ಅವನ್ನು ಬಳಸುವ ಯಂತ್ರಕ್ಕೆ ಬಿಡಿಭಾಗದ ಚಿಂತೆ ಕಡಿಮೆ. ಬೆಲೆ ಹೋಲಿಸುವಾಗ ಸಾಗಣೆ, ಸೀಮಾ ಸುಂಕ, ಜಿಎಸ್‌ಟಿ ಸೇರಿಸಿಕೊಳ್ಳಬೇಕು.

ಒಟ್ಟಿನಲ್ಲಿ, ಚಿಪ್ ಅಡಗಿಸಿಟ್ಟ ಪುಟ್ಟ ಪೆಟ್ಟಿಗೆಯನ್ನು ವಾಲ್ವಿನ ಆಸೆಗೆ ಕೊಳ್ಳಬೇಕಿಲ್ಲ. 92 ಡೆಸಿಬೆಲ್‌ಗೆ ಕಡಿಮೆಯಿಲ್ಲದ ಸ್ಪೀಕರ್, ಚಿಕ್ಕ ಕೋಣೆ, ಹಾಡುಗಾರಿಕೆಯ ಒಲವು ಈ ಮೂರೂ ಇದ್ದವರಿಗೆ ಇಎಲ್84ರ ತೂಕದ ಯಂತ್ರ ಕೊಟ್ಟ ಹಣಕ್ಕೆ ಮೋಸವಲ್ಲ. ಉಳಿದವರು ಅದೇ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕುವುದು ಜಾಣತನ.