ಹಿರಿಯಣ್ಣನವರ ಒರೆಗಲ್ಲಿನಲ್ಲಿ ಸ್ಯಾದ್ವಾದ

ಪೌರಸ್ತ್ಯ ದರ್ಶನಗಳನ್ನು ಪಾಶ್ಚಾತ್ಯ ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ನಿರೂಪಿಸಹೊರಟ ವಿದ್ವಾಂಸನ ಹೊಣೆ ಸಾಮಾನ್ಯವಾದುದಲ್ಲ. ಜಪಾನಿನ ನಿಶಿದಾ ಕಿತಾರೊ (1870–1945) ಅವರು 1911ರಲ್ಲಿ ಪ್ರಕಟವಾದ ತಮ್ಮ ಮೊದಲ ಗ್ರಂಥದಲ್ಲಿ ವಿಲಿಯಂ ಜೇಮ್ಸನ ಶುದ್ಧಾನುಭವದ ಕಲ್ಪನೆಯನ್ನು ಆಧರಿಸಿ ಹೊಸ ದರ್ಶನವೊಂದನ್ನೇ ಕಟ್ಟಿದರು. ಅವರಿಗಿಂತ ಒಂದು ವರ್ಷ ಕಿರಿಯರಾದ ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರ (1871–1950) ಮಾರ್ಗ ಬೇರೆ. ತಮ್ಮದೆಂದು ಹೊಸ ದರ್ಶನವನ್ನು ಸಾರದೆ, ಇದ್ದ ದರ್ಶನಗಳನ್ನು ಕೂಡಿಸದೆ ಕಳೆಯದೆ ಇಂಗ್ಲಿಷಿನಲ್ಲಿ ನಿರೂಪಿಸುವುದೇ ಅವರ ವ್ರತವಾಗಿತ್ತು.

ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷ ನೀಡಿದ ಉಪನ್ಯಾಸಗಳೇ 1932ರಲ್ಲಿ ಲಂಡನ್ನಿನಿಂದ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಎಂಬ ಗ್ರಂಥವಾಗಿ ಹೊರಬಂದವು. ಭಾರತದಲ್ಲಿ ದರ್ಶನವು ಕೇವಲ ಚಿಂತನೆಯ ಕ್ರಮವಲ್ಲ, ಬಾಳಿನ ಕ್ರಮ ಎಂಬುದು ಅದರ ಉದ್ದಕ್ಕೂ ಹರಿಯುವ ನಿಲುವು. ಜೈನದರ್ಶನಕ್ಕೆ ಅಲ್ಲಿ ಪ್ರತ್ಯೇಕ ಅಧ್ಯಾಯವಿದೆ. ನಿರೂಪಣೆ ಸ್ವಚ್ಛವೂ ಗೌರವಪೂರ್ಣವೂ ಆಗಿದೆ. ಆದರೆ ಕೊನೆಯಲ್ಲಿ ಒಂದು ಕಠಿಣವಾದ ಆಕ್ಷೇಪವಿದೆ. ಸಪ್ತಭಂಗಿಯು ಆಂಶಿಕ ದೃಷ್ಟಿಗಳನ್ನು ಒಟ್ಟಿಗಿರಿಸಿ ನಿಂತುಬಿಡುತ್ತದೆ, ಅವುಗಳ ವಿರೋಧವನ್ನು ಸಮನ್ವಯದಿಂದ ದಾಟುವುದಿಲ್ಲ. ಆದ್ದರಿಂದ ಈ ವಿಚಾರ ಅರ್ಧದಲ್ಲಿಯೇ ನಿಂತಿದೆ ಎಂಬುದು ಅದರ ತಾತ್ಪರ್ಯ.

ಈ ಆಕ್ಷೇಪವನ್ನು ನಿಂದೆಯೆಂದು ತಳ್ಳಿಹಾಕುವುದು ಅನೇಕಾಂತಕ್ಕೆ ಒಪ್ಪುವ ಮಾತಲ್ಲ. ಮೊದಲು ಅದರ ಅಳತೆಗೋಲನ್ನು ನೋಡಬೇಕು. ವಿರೋಧಗಳೆಲ್ಲ ಕೊನೆಗೆ ಒಂದರಲ್ಲಿ ಲಯಿಸಲೇಬೇಕೆಂಬುದು ಅದ್ವೈತವೂ ಅಂದಿನ ಪಾಶ್ಚಾತ್ಯ ಭಾವನಾವಾದವೂ ಒಪ್ಪಿದ ನಿಯಮ. ವಸ್ತು ಏಕವೋ ಅನೇಕಧರ್ಮಾತ್ಮಕವೋ ಎಂಬುದೇ ವಾದದ ವಿಷಯವಾಗಿರುವಾಗ, ಆ ನಿಯಮವನ್ನೇ ಒರೆಗಲ್ಲಾಗಿ ಹಿಡಿಯುವುದು ತೀರ್ಪನ್ನು ಮೊದಲೇ ಬರೆದಿಟ್ಟಂತೆ. ಅಲ್ಲದೆ, ಪ್ರಮಾಣವನ್ನೂ ನಯವನ್ನೂ ತತ್ತ್ವಾರ್ಥಸೂತ್ರ ಬೇರೆಬೇರೆಯಾಗಿಯೇ ಹೇಳಿದೆ. ಅಂಶವನ್ನು ಹಿಡಿಯುವುದು ನಯ, ಸಮಗ್ರವನ್ನು ಹಿಡಿಯುವುದು ಪ್ರಮಾಣ. ಸ್ಯಾದ್ವಾದವೂ ಕೇವಲಜ್ಞಾನವೂ ಸರ್ವತತ್ತ್ವಗಳನ್ನು ಬೆಳಗುತ್ತವೆ, ಭೇದವಿರುವುದು ಪರೋಕ್ಷ–ಪ್ರತ್ಯಕ್ಷಗಳಲ್ಲಿ ಮಾತ್ರ ಎಂದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಪ್ರತಿಪಾದಿಸಿದ್ದಾರೆ. ಹಿರಿಯಣ್ಣನವರ ತೂಕದಲ್ಲಿ ಈ ಅಂಶಕ್ಕೆ ತಕ್ಕ ಬೆಲೆ ಸಿಕ್ಕಿಲ್ಲವೆಂದೇ ನಮ್ಮ ಭಾವನೆ.

ಆದರೂ ಅವರ ಎಚ್ಚರಿಕೆ ವ್ಯರ್ಥವಲ್ಲ. ಕನ್ನಡ–ತೆಲುಗುಗಳೆರಡೂ ಕೇಳಿಬರುವ ಗಡಿಸೀಮೆಯ ಪರಶುರಾಂಪುರದಲ್ಲಿ ಶೇಂಗಾ ತೂಗುವ ಪ್ರಸಂಗವನ್ನು ಊಹಿಸಿಕೊಳ್ಳಿ. ಕಾಯಿ ಹಸಿಯಾಗಿದೆ, ತೂಕದಲ್ಲಿ ಕಳೆಯಬೇಕೆಂದು ವ್ಯಾಪಾರಿ; ಚೆನ್ನಾಗಿ ಒಣಗಿಸಿ ತಂದಿದ್ದೇನೆಂದು ರೈತ. ಎರಡು ಮಾತಿನಲ್ಲಿಯೂ ಒಂದೊಂದು ಅಂಶ ಸತ್ಯವಿರಬಹುದು. ಹಾಗೆಂದು 'ಅದೂ ಸರಿ, ಇದೂ ಸರಿ' ಎಂದು ಎದ್ದುಹೋದವನು ಸ್ಯಾದ್ವಾದಿಯಲ್ಲ, ಹೊಣೆಗೇಡಿ. ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲಲೇಬೇಕು. ಹೀನಾಧಿಕ ತೂಕ–ಅಳತೆಗಳನ್ನು ಅಚೌರ್ಯವ್ರತದ ಅತಿಚಾರವೆಂದು ಹೆಸರಿಸುವಾಗ ಸೂತ್ರಕಾರರು ಅನುಮಾನಕ್ಕೆ ಎಡೆಗೊಟ್ಟಿಲ್ಲ. 'ಸ್ಯಾತ್' ಎಂಬುದು ಅಪೇಕ್ಷೆಯನ್ನು ಸ್ಪಷ್ಟಪಡಿಸುವ ಪದ. ನಿರ್ಣಯದಿಂದ ನುಣುಚಿಕೊಳ್ಳುವ ಬಾಗಿಲಲ್ಲ.

ಜೈನಧರ್ಮದ ಮುಖ್ಯ ಗುರಿ ವಿಶ್ವದ ವ್ಯಾಖ್ಯಾನವಲ್ಲ, ಆತ್ಮದ ಪರಿಪೂರ್ಣತೆ ಎಂದು ಹಿರಿಯಣ್ಣನವರೇ ಅದೇ ಅಧ್ಯಾಯದಲ್ಲಿ ಗುರುತಿಸಿದ್ದಾರೆ. ಅವರ ಆಕ್ಷೇಪಕ್ಕೆ ತರ್ಕದ ಉತ್ತರ ನಮ್ಮ ಆಚಾರ್ಯರ ಗ್ರಂಥಗಳಲ್ಲಿದೆ. ಆಚರಣೆಯ ಉತ್ತರವನ್ನು ಮಾತ್ರ ನಾವೇ ಕೊಡಬೇಕಾಗಿದೆ.