ಇಂದ್ರಗೋಪವಿಚಾರ

ಮೋನಿಯರ್ ವಿಲಿಯಮ್ಸರ 1899ರ ಕೋಶವು ಇಂದ್ರಗೋಪಶಬ್ದಕ್ಕೆ ಕಾಚಿನೀಲ್ ಹುಳು, ಮಿಂಚುಹುಳು ಎಂದು ಎರಡರ್ಥಗಳನ್ನು ಕೊಡುತ್ತದೆ. ಎರಡೂ ಕಾಳಿದಾಸನಿಗೆ ಒಪ್ಪವು. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ವಿರಹಿಯಾದ ಪುರೂರವನು ಇಂದ್ರಗೋಪಗಳಿಂದ ಕೂಡಿದ ಎಳೆಹುಲ್ಲನ್ನು ಕಂಡು, ತುಟಿಯ ರಾಗವನ್ನು ತೊಳೆದಿಳಿದ ಕಣ್ಣೀರು ಹನಿಹನಿಯಾಗಿ ಬಿದ್ದಿರುವ, ಊರ್ವಶಿಯ ಗಿಳಿಬಣ್ಣದ ಸ್ತನಾಂಶುಕವೆಂದು ಭ್ರಮಿಸುತ್ತಾನಷ್ಟೆ. ಹಸುರಿನ ಮೇಲೆ ಕೆಂಪು ಕಾಣದಿದ್ದರೆ ಈ ಭ್ರಾಂತಿಯೇ ಹುಟ್ಟದು. ಮಿಂಚುಹುಳುವಿನ ಬೆಳಕು ಕೆಂಪಲ್ಲ. ಅದು ಮಿನುಗುವ ಇರುಳಿನಲ್ಲಿ ಹುಲ್ಲಿನ ಹಸುರೂ ತೋರದು. ಕಾಚಿನೀಲಾದರೋ ಅಮೆರಿಕದ ಪಾಪಾಸುಕಳ್ಳಿಗೆ ಅಂಟಿಕೊಂಡು, ಬಿಳಿಯ ಮೇಣದಿಂದ ಮುಚ್ಚಿರುವ ಹುಳು.

ಮೊದಲ ಮಳೆಗೆ ನೆಲದಿಂದೆದ್ದು ಹಗಲಿನಲ್ಲಿಯೇ ಹುಲ್ಲಿನೊಳಗೆ ಸಂಚರಿಸುವ, ಮಖಮಲ್ಲಿನಂತಹ ಕೆಂಪು ಮೈಯ ಕಿರುಜೀವಿಯೇ ಇಂದ್ರಗೋಪ. (ಕೋಶಕಾರರು ಮಳೆಗಾಲದಲ್ಲಿ ಒಮ್ಮೆ ಹೊಲಕ್ಕಿಳಿದಿದ್ದರೆ ಸಾಕಾಗಿತ್ತು.) ಮಿಂಚುಹುಳು ಜೀರುಂಡೆಯ ಜಾತಿ, ಅದಕ್ಕೆ ಆರು ಕಾಲು. ಇದಕ್ಕೆ ರೆಕ್ಕೆಯಿಲ್ಲ, ಬೆಳೆದುದಕ್ಕೆ ಎಂಟು ಕಾಲು. ಜೇಡನ ವರ್ಗಕ್ಕೆ ಸೇರಿದುದು.

ಬೃಹದಾರಣ್ಯಕದಲ್ಲಿ (2.3.6) ಇಂದ್ರಗೋಪವು ಅಗ್ನಿಜ್ವಾಲೆ, ಮಿಂಚುಗಳೊಡನೆ ಪಠಿತವಾಗಿರುವುದರಿಂದ ಹೊಳೆಯುವ ಹುಳುವೇ ಆಗಬೇಕೆಂದು ಯಾರಾದರೂ ವಾದಿಸಬಹುದು. ಅದೇ ವಾಕ್ಯದಲ್ಲಿ ಅರಿಸಿನದ ಬಟ್ಟೆ, ಬಿಳಿಯ ಉಣ್ಣೆ, ಪುಂಡರೀಕಗಳೂ ಇವೆ. ಅವೂ ಬೆಳಕು ಬೀರುವುವೆ?