ಮೈದಾನ ಕಟ್ಟಿದವರ ಆಟ

ಆಡಂ ಸೋಬೆಲ್ ನಿರ್ದೇಶಿಸಿದ 'ದಿ ವರ್ಕರ್ಸ್ ಕಪ್' ಎಂಬ ಸಾಕ್ಷ್ಯಚಿತ್ರ 2017ರಲ್ಲಿ ಬಂದಾಗ ಕತಾರಿನ ವಿಶ್ವಕಪ್‌ಗೆ ಇನ್ನೂ ಐದು ವರ್ಷಗಳಿದ್ದವು. ಆ ವಿಶ್ವಕಪ್ 2022ರಲ್ಲಿ ನಡೆದು ಮುಗಿದೂ ಹೋಯಿತು. ಚಿತ್ರ ಎತ್ತಿದ ಪ್ರಶ್ನೆ ಮಾತ್ರ ಮುಗಿದಿಲ್ಲ.

ವಿಶ್ವಕಪ್‌ಗಾಗಿ ದುಡಿಯುತ್ತಿದ್ದ ಕಾರ್ಮಿಕರಿಗಾಗಿಯೇ ಅಲ್ಲೊಂದು ಫುಟ್‌ಬಾಲ್ ಪಂದ್ಯಾವಳಿ ಏರ್ಪಟ್ಟಿತ್ತು. 24 ನಿರ್ಮಾಣ ಕಂಪೆನಿಗಳ ತಂಡಗಳ ಪೈಕಿ ಒಂದರ ಜೊತೆ ಕ್ಯಾಮರಾ ಕಾರ್ಮಿಕ ಶಿಬಿರದೊಳಗೆ ಹೋಗುತ್ತದೆ. ಘಾನಾ, ಕೀನ್ಯಾ, ನೇಪಾಳ, ಭಾರತದಿಂದ ಬಂದವರು ಅಲ್ಲಿದ್ದಾರೆ. ಘಾನಾದ ಯುವಕನಿಗೆ ಏಜೆಂಟ್ ಆಸೆ ಹುಟ್ಟಿಸಿದ್ದು ಫುಟ್‌ಬಾಲ್ ಕ್ಲಬ್ಬಿನದು, ಸಿಕ್ಕಿದ್ದು ಕಟ್ಟಡದ ಕೆಲಸ. ನೇಪಾಳದವನಿಗೆ ಹೆಂಡತಿಯನ್ನು ಅಗಲಿದ ಸಂಕಟ.

ಇವರನ್ನು ಬರೀ ಅಯ್ಯೋ ಪಾಪ ಎನಿಸುವಂತೆ ತೋರಿಸದಿರುವುದೇ ಚಿತ್ರದ ದೊಡ್ಡ ಗುಣ. ಅವರು ನಗುತ್ತಾರೆ, ಸಿಟ್ಟಾಗುತ್ತಾರೆ, ಗೆಲ್ಲಬೇಕೆಂದು ಹಟ ಹಿಡಿಯುತ್ತಾರೆ. ಮೈದಾನದಲ್ಲಿ ಅವರಿಗೆ ಬಿಡುಗಡೆಯೆನಿಸುವ ಆಟವೇ ಕಂಪೆನಿಗೆ ಪ್ರಚಾರದ ಸರಕು. ಆಟ ಮುಗಿದರೆ ಮತ್ತದೇ ಶಿಬಿರ, ಮತ್ತದೇ ಕೆಲಸ.

ಆದರೆ ಒಂದೇ ತಂಡದ ಕಥೆಗೆ ಅಂಟಿಕೊಂಡಿರುವ ಚಿತ್ರದ ಹಿನ್ನೆಲೆಯನ್ನು ನಾವೇ ತುಂಬಿಕೊಳ್ಳಬೇಕು. ಕಫಾಲ ಪದ್ಧತಿಯಲ್ಲಿ ಮಾಲಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ, ದೇಶ ಬಿಡುವಂತಿರಲಿಲ್ಲ. ಟೀಕೆಗಳ ಒತ್ತಡದಲ್ಲಿ ಕತಾರ್ 2018ರಿಂದ 2020ರ ನಡುವೆ ಈ ಕಟ್ಟುಗಳನ್ನು ಬಹುಪಾಲು ಸಡಿಲಿಸಿತು. 2021ರಲ್ಲಿ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ ಜಾರಿಗೆ ತಂದಿತು. ಇದನ್ನು ಒಪ್ಪಿಕೊಳ್ಳಬೇಕು. ಆದರೆ ಸತ್ತವರ ಲೆಕ್ಕ? ಕ್ರೀಡಾಂಗಣಗಳ ಕೆಲಸದಲ್ಲಿ ಸತ್ತವರು ಮೂವರು ಎನ್ನುತ್ತಿದ್ದ ಸಂಘಟಕರ ಪೈಕಿ ಪ್ರಮುಖರಾದ ಹಸನ್ ಅಲ್ ತವಾದಿಯವರೇ 2022ರ ನವೆಂಬರ್‌ನಲ್ಲಿ, ವಿಶ್ವಕಪ್ ಸಂಬಂಧಿ ಕಾಮಗಾರಿಗಳಲ್ಲಿ 400ರಿಂದ 500 ಮಂದಿ ಸತ್ತಿರಬಹುದು ಎಂದರು. ಅದು ಇಡೀ ದೇಶದ ಎಲ್ಲ ಕೆಲಸಗಳ ಲೆಕ್ಕವೆಂದು ಬಳಿಕ ಸಮಜಾಯಿಷಿ ಬಂತು. 'ಸಹಜ ಕಾರಣ' ಎಂದಷ್ಟೇ ಮರಣಪತ್ರದಲ್ಲಿ ಬರೆದರೆ ಸಂಸಾರಕ್ಕೆ ಪರಿಹಾರವೂ ಇಲ್ಲವೆಂದು ಆಮ್ನೆಸ್ಟಿ 2021ರಲ್ಲೇ ಹೇಳಿತ್ತು.

2022ರ ನವೆಂಬರ್ 20ರ ಉದ್ಘಾಟನೆಯಲ್ಲಿ ಗಾನಿಂ ಅಲ್ ಮುಫ್ತಾ ಎಂಬ ತರುಣ, ನಟ ಮಾರ್ಗನ್ ಫ್ರೀಮನ್ ಎದುರು ಕುರ್‌ಆನಿನ ಸೂಕ್ತವೊಂದನ್ನು ಓದಿದ. ಮನುಷ್ಯರನ್ನು ಜನಾಂಗಗಳಾಗಿ ಮಾಡಿದ್ದು ಪರಸ್ಪರ ಅರಿಯಲೆಂದು ಎಂಬುದು ಅದರ ಆಶಯ. ಕೇಳಿ ಹೆಮ್ಮೆಪಟ್ಟವರು ನಮ್ಮಲ್ಲೂ ಬಹಳ. ಹೆಮ್ಮೆ ತಪ್ಪಲ್ಲ. ಆದರೆ ಆ ಕ್ರೀಡಾಂಗಣ ಕಟ್ಟಿದವನನ್ನು ಯಾರು ಅರಿತರು?

ಪಶ್ಚಿಮದವರ ಟೀಕೆಯಲ್ಲಿ ಅರಬರ ಬಗೆಗಿನ ಹಳೆಯ ಅಸಹನೆಯೂ ಬೆರೆತಿತ್ತು. 2014ರಲ್ಲಿ ಕ್ರಿಮಿಯಾವನ್ನು ಕಬಳಿಸಿದ ರಷ್ಯಾ 2018ರ ವಿಶ್ವಕಪ್ ನಡೆಸಿದಾಗ ಇಷ್ಟು ಗದ್ದಲವಿತ್ತೇ ಎಂದು ಕೇಳಿದವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಟೀಕಿಸುವವನ ಬಾಯಿ ಶುದ್ಧವಿಲ್ಲವೆಂದ ಮಾತ್ರಕ್ಕೆ ಕೂಲಿಯವನ ಬಾಕಿ ತೀರುವುದಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಕೊಲ್ಲಿಯ ದುಡ್ಡಿನಿಂದ. ಆ ಋಣಕ್ಕೇ ನಾವು ಈ ಮಾತು ಎತ್ತಲು ಹಿಂಜರಿಯುತ್ತೇವೆ. ಎತ್ತಬೇಕಾದವರೂ ನಾವೇ. ಅಲ್ಲಿ ದುಡಿದವರು ನಮ್ಮ ಅಣ್ಣತಮ್ಮಂದಿರಲ್ಲವೇ?

2034ರ ವಿಶ್ವಕಪ್ ಸೌದಿ ಅರೇಬಿಯಾದ್ದೆಂದು 2024ರ ಡಿಸೆಂಬರ್‌ನಲ್ಲಿ ತೀರ್ಮಾನವಾಗಿದೆ. ಅಲ್ಲಿಯ ಕೆಲಸಕ್ಕೂ ನಮ್ಮ ಹುಡುಗರು ಹೋಗುತ್ತಾರೆ. ವೀಸಾ ಕೈಗೆ ಬರುವ ಮೊದಲು ಅವರೂ ಅವರ ಮನೆಯವರೂ ಈ ಚಿತ್ರವನ್ನೊಮ್ಮೆ ನೋಡಲಿ. ಏಜೆಂಟ್ ಹೇಳದೆ ಬಿಟ್ಟ ಕೆಲವು ಸಂಗತಿಗಳು ಅದರಲ್ಲಿವೆ.